ಕೋಳಿ ಸಾಕಲು ಕೊಟ್ಟ ಅರ್ಜಿ

ನನ್ನ ಅಕ್ಷರ ಚೆನ್ನಾಗಿದೆ. ಜಂಬ ಅಂದುಕೊಳ್ಳಬೇಡಿ, ತಪ್ಪೊಪ್ಪಿಗೆ ಶುರುಮಾಡುತ್ತಿದ್ದೇನೆ. ಮೂವತ್ತನಾಲ್ಕು ವರ್ಷ ಸರ್ಕಾರಿ ಗುಮಾಸ್ತನಾಗಿದ್ದವನು ನಾನು. ಮಂಡ್ಯ, ಮದ್ದೂರು, ಮಳವಳ್ಳಿ, ಮತ್ತೆ ಮಂಡ್ಯ, ಮತ್ತೆ ಮದ್ದೂರು ಅಂತ ಈ ಮೂರೇ ಊರುಗಳ ನಡುವೆ ನನ್ನ ನೌಕರಿ ತಿರುಗಿತು. ಕಂಪ್ಯೂಟರ್ ಬಂದ ಮೇಲೂ, ಮೇಲಿನವರಿಗೆ ಹೋಗುವ ಮುಖ್ಯ ಟಿಪ್ಪಣಿ ಇದ್ದರೆ ಸಾಹೇಬರು ನನ್ನನ್ನೇ ಕರೆದು ಬರೆಸುತ್ತಿದ್ದರು. ಅದೇ ಕೈಯಿಂದ ಒಂದು ಅರ್ಜಿ ಬರೆದು, ನಮ್ಮ ಬೀದಿಯ ಕೊನೆಮನೆಯ ಹೆಂಗಸಿನ ಇಪ್ಪತ್ತಾರು ಕೋಳಿಗಳನ್ನು ಎತ್ತಂಗಡಿ ಮಾಡಿಸಿದೆ. ಅವಳ ಅನ್ನ ಇದ್ದದ್ದು ಆ ಕೋಳಿಗಳಲ್ಲೇ. ಬೇಕು ಅಂತ ಮಾಡಲು ಹೊರಟಿದ್ದರೆ ಇಷ್ಟು ಅಚ್ಚುಕಟ್ಟಾಗಿ ನನ್ನಿಂದ ಆಗುತ್ತಿರಲಿಲ್ಲ.

ಈ ಮೂರರಲ್ಲಿ ಯಾವ ಊರು ಅಂತ ಹೇಳುವುದಿಲ್ಲ. ಹೇಳಿದರೆ ಅವಳ ಮನೆ ಹುಡುಕಿಕೊಂಡು ಹೋಗುವವರು ಇದ್ದಾರೆ, ಆ ಅರ್ಜಿ ತೆಗೆದುಕೊಂಡ ಕಚೇರಿಯವರ ಕಡೆ ಬೆರಳು ತೋರಿಸುವವರೂ ಇದ್ದಾರೆ. ಕಚೇರಿಯವರದು ಇದರಲ್ಲಿ ಸಾಸಿವೆ ಕಾಳಿನಷ್ಟು ತಪ್ಪೂ ಇಲ್ಲ ಅಂತ ನಾನು ಅನ್ನುವುದಿಲ್ಲ, ಆದರೆ ಅವರನ್ನು ಅಲ್ಲಿಗೆ ಕೈಹಿಡಿದು ಕರೆದುಕೊಂಡು ಹೋದವನು ನಾನು. ಮೂರೂ ಊರುಗಳಲ್ಲಿ ನಮ್ಮಂಥ ಬೀದಿ ಇದೆ. ಒಂದು ಕಾಲಕ್ಕೆ ಕಬ್ಬಿನ ಗದ್ದೆಯಾಗಿದ್ದು, ಆಮೇಲೆ ಸೈಟುಗಳಾಗಿ, ಮುಂದೆ ಟಾರು ರಸ್ತೆ ಬಂದು, ಹಿಂದೆ ಇನ್ನೂ ನಾಲೆಯ ನೀರು ಹರಿಯುವ ಬೀದಿ. ಸೈಟು ಸಣ್ಣದಾದರೂ ಎಲ್ಲರಿಗೂ ಒಂದಿಷ್ಟು ಹಿತ್ತಲು ಉಂಟು.

ಕೋಳಿ ನಮ್ಮ ಮನೆಗೆ ಬಂದದ್ದು ನನ್ನ ಹೆಂಡತಿಯಿಂದ. ಅವಳು ಬೆಳಕವಾಡಿ ಕಡೆಯವಳು. ನಾನು ರಿಟೈರ್ ಆದ ವರ್ಷವೇ ಹೇಳಿದಳು, "ಇಷ್ಟ್ ವರ್ಸ ಕ್ವಾಟ್ರಸ್ಸು ಕ್ವಾಟ್ರಸ್ಸು ಅಂತ ಸುತ್ತುಸ್ದ್ರಿ. ಒಂದ್ ಕೋಳಿಮರಿ ಸಾಕಕ್ಕೂ ಜಾಗ ಇರ್ನಿಲ್ಲ. ಈಗಾರೂ ಸಾಕ್ತೀನಿ ಬುಡಿ." ನಾನು ಬಿಟ್ಟೆ. ಅವಳು ಸೀದಾ ಕೊನೆಮನೆಗೆ ಹೋಗಿ ಒಂದು ಹ್ಯಾಟೆಯನ್ನು, ಅಂದರೆ ಹೆಣ್ಣುಕೋಳಿಯನ್ನು, ಪಾಲಿಗೆ ತಂದಳು.

ಪಾಲಿಗೆ ಕೊಡುವುದು ಅಂದರೆ, ಹ್ಯಾಟೆ ಅವರದು, ಕಾವಿಗೆ ಕೂರಿಸಿ ಮರಿ ಮಾಡಿಸಿ ಸಾಕುವ ಕೆಲಸ ನಮ್ಮದು, ಮರಿ ಬಲಿತ ಮೇಲೆ ಸಮಪಾಲು. ಇದಕ್ಕೆ ಕಾಗದ ಇಲ್ಲ, ಸಾಕ್ಷಿ ಇಲ್ಲ. ಪಾಲು ಮಾಡುವ ದಿನ ಆಕೆಯೇ ಬಂದು, ಹನ್ನೊಂದು ಮರಿಗಳಲ್ಲಿ ಕುಂಟುತ್ತಿದ್ದದ್ದು, ಬಡಕಲಾಗಿದ್ದದ್ದು ಅಂತ ನೋಡಿ ನೋಡಿ ಐದು ಎತ್ತಿಕೊಂಡಳು. ತಾಯಿಕೋಳಿಯನ್ನೂ ತೆಗೆದುಕೊಂಡು, "ಚೆನ್ನಾಗಿರೋವು ನಿಮ್ಗಿರ್ಲಿ ಅಕ್ಕ, ಒಸ್ದಾಗಿ ಸಾಕ್ತಿದ್ದೀರಿ" ಅಂದಳು. ನನ್ನ ಹೆಂಡತಿಯೂ ಅವಳನ್ನು ಅಕ್ಕ ಅಂತಲೇ ಕರೆಯುತ್ತಾಳೆ. ಇಬ್ಬರಲ್ಲಿ ಯಾರು ದೊಡ್ಡವರು ಅನ್ನುವುದು ಈವತ್ತಿನವರೆಗೂ ಇತ್ಯರ್ಥವಾಗಿಲ್ಲ.

ಆಕೆಯ ಗಂಡ ಮೋಟಾರ್ ವೈಂಡಿಂಗ್ ಮಾಡುತ್ತಿದ್ದ ಸಾಬರು. ಪಂಪ್‌ಸೆಟ್ ಸುಟ್ಟರೆ ನಿಡಘಟ್ಟದ ಕಡೆಯಿಂದಲೂ ಅವರ ಹತ್ತಿರ ಹೊತ್ತು ತರುತ್ತಿದ್ದರು. ಅವರು ತೀರಿಕೊಂಡ ಮೇಲೆ, ವೈಂಡಿಂಗ್ ಅಂಗಡಿಯ ತಗಡಿನ ಶೀಟುಗಳನ್ನೇ ಹಿತ್ತಲಿಗೆ ತಂದು ಆಕೆ ಕೋಳಿಗೂಡು ಕಟ್ಟಿಸಿದಳು. ಇರುವ ಒಬ್ಬ ಮಗಳು ಪಕ್ಕದ ತಾಲ್ಲೂಕಿಗೆ ಮದುವೆಯಾಗಿ ಹೋಗಿದ್ದಳು. ಕೊನೆಮನೆಯ ಮೊಟ್ಟೆಗೆ ಬಡಾವಣೆಯಲ್ಲೆಲ್ಲ ಗಿರಾಕಿ. ನಮ್ಮ ಕಡೆ ಹುಡುಗಿ ದೊಡ್ಡವಳಾದರೆ ಬೆಳಿಗ್ಗೆ ಎದ್ದ ತಕ್ಷಣ ನಾಟಿಕೋಳಿ ಮೊಟ್ಟೆ ಒಡೆದು, ಎಳ್ಳೆಣ್ಣೆ ಬೆರೆಸಿ ಕುಡಿಸುತ್ತಾರೆ. ಸೊಂಟ ಗಟ್ಟಿಯಾಗಬೇಕಲ್ಲ. ಅದಕ್ಕೆ ಫಾರಂ ಮೊಟ್ಟೆ ಯಾರೂ ಒಪ್ಪುವುದಿಲ್ಲ. ಬಾಣಂತಿಗೂ ಅದೇ, ಕೈಕಾಲು ಮುರಿದುಕೊಂಡವರಿಗೂ ಅದೇ. ಅವಳ ಅಕ್ಕಿ, ಕರೆಂಟು ಬಿಲ್ಲು, ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲವೂ ಆ ಮೊಟ್ಟೆಯಲ್ಲೇ ನಡೆಯುತ್ತಿತ್ತು. ಇದು ಬೀದಿಗೆಲ್ಲ ಗೊತ್ತಿತ್ತು, ಯಾರಿಗೂ ಹೇಳುವ ಅಗತ್ಯ ಬಿದ್ದಿರಲಿಲ್ಲ.

ನಮ್ಮ ಎದುರಿಗೆ ಹೊಸದಾಗಿ ಎರಡು ಅಂತಸ್ತಿನ ಮನೆ ಎದ್ದಿತ್ತು. ಗೇಟಿನ ಎರಡೂ ಕಂಬದ ಮೇಲೆ ಸಿಮೆಂಟಿನ ಸಿಂಹ. ಯಜಮಾನರು ಜಮೀನು ಕೊಡಿಸುವ ವ್ಯವಹಾರದವರು. ಒಂದು ಬೆಳಿಗ್ಗೆ ನಾನು ಹಾಲು ತರಲು ಹೊರಟಾಗ ಗೇಟಿಗೆ ಒರಗಿ ನಿಂತು ಹೇಳಿದರು.

"ನಾಲ್ಕು ಗಂಟೆಗೇ ನಿಮ್ಮ ಹುಂಜ ಎಬ್ಬಿಸಿಬಿಡುತ್ತಲ್ಲ ಸಾರ್. ಇದು ರೆಸಿಡೆನ್ಷಿಯಲ್ ಝೋನು. ಕೋಳಿ ಗೀಳಿ ಸಾಕೋ ಹಾಗಿಲ್ಲ. ಗೌರ್ಮೆಂಟಲ್ಲಿ ಇದ್ದೋರು, ನಿಮಗೇ ರೂಲ್ಸ್ ಗೊತ್ತಿಲ್ವಾ?"

ನಗುತ್ತಲೇ ಅಂದರು. ದೂರು ಕೊಡುವ ಮಾತಾಡಲಿಲ್ಲ. ಅವರ ಮಗಳು ದೊಡ್ಡವಳಾದಾಗ ತಿಂಗಳು ಪೂರ್ತಿ ಮೊಟ್ಟೆ ಹೋದದ್ದೂ ಕೊನೆಮನೆಯಿಂದಲೇ. ನಾನೂ ನಕ್ಕು ಹಾಲು ತಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನನಗೆ ಉರಿಯಿತು. ಎಷ್ಟು ಜನಕ್ಕೆ ನಾನು ರೂಲ್ಸು ಹೇಳಿದ್ದೇನೆ! ಎಷ್ಟು ಮಂದಿ ನನ್ನ ಟೇಬಲ್ಲಿನ ಮುಂದೆ ಕೈಕಟ್ಟಿ ನಿಂತು "ನೀವ್ ಏಳ್ದಂಗೆ ಸಾಮಿ" ಅಂದಿದ್ದಾರೆ! ಸಿಮೆಂಟಿನ ಸಿಂಹ ಕೂರಿಸಿಕೊಂಡವನು ನನಗೆ ರೂಲ್ಸು ಹೇಳುವುದೇ?

ಮನೆಗೆ ಬಂದು, ಕೋಳಿ ಸಾಕಲು ಲಿಖಿತ ಅನುಮತಿ ತಂದು ಇವನ ಮುಖಕ್ಕೆ ಹಿಡಿಯುತ್ತೇನೆ ಅಂದೆ. ಹೆಂಡತಿ ಕೋಳಿಗೆ ನುಚ್ಚು ಹಾಕುತ್ತಿದ್ದಳು.

"ಅಪ್ಪಣೆ ಕೇಳ್ಕಂಡ್ ಯಾರ್ರೀ ಕೋಳಿ ಸಾಕವ್ರೆ? ಅವ್ರ್ ಏನೋ ಅಂದ್ರು, ಬುಟ್ಟಾಕಿ. ಸುಮ್ಕಿರಿ."

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಅನ್ನುವ ಗಾದೆಯನ್ನು ನಾನು ಜೀವಮಾನದಲ್ಲಿ ನೂರು ಜನರಿಗೆ ಹೇಳಿರಬೇಕು. ಅವತ್ತು ನೆನಪಾಗಲಿಲ್ಲ.

ಮಾರನೆಯ ದಿನವೇ ಊರಿನ ಆಡಳಿತ ಕಚೇರಿಗೆ ಹೋದೆ. ಲೈಸೆನ್ಸ್ ಟೇಬಲ್ಲಿನವನು ಉದ್ದದ ಪಟ್ಟಿ ತೆಗೆದು ತೋರಿಸಿದ. ಟೀ ಅಂಗಡಿ ಇತ್ತು, ಕ್ಷೌರದ ಅಂಗಡಿ ಇತ್ತು, ಹಿಟ್ಟಿನ ಗಿರಣಿ ಇತ್ತು, ಕೋಳಿ ಮಾಂಸದ ಅಂಗಡಿಯೂ ಇತ್ತು. ಜೀವಂತ ಕೋಳಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಇರಲಿಲ್ಲ. "ಕೊಯ್ಯೋದಕ್ಕೆ ಕೊಡ್ತೀವಿ ಸಾರ್, ಸಾಕೋದಕ್ಕೆ ನಮ್ಮ ಹತ್ರ ಫಾರಂ ಇಲ್ಲ" ಅಂದ. ಅವನು ತಮಾಷೆ ಮಾಡುತ್ತಿರಲಿಲ್ಲ. ಅಲ್ಲಿಂದ ನಕ್ಷೆಯ ಕೋಣೆಗೆ ಕಳಿಸಿದರು. ಗೋಡೆ ತುಂಬ ಊರಿನ ನಕ್ಷೆ, ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಊರಾಚೆಯ ಗದ್ದೆಗಳಿಗೆ ಹಸಿರು. ನಮ್ಮ ಬೀದಿ ಹಳದಿಯಲ್ಲಿತ್ತು. ಹಳದಿಯಲ್ಲಿ ಕೋಳಿ ಇರಬಹುದೇ ಅಂತ ಕೇಳಿದೆ. ಅಲ್ಲಿದ್ದ ಹೆಣ್ಣುಮಗಳು ನಿಯಮದ ಪುಸ್ತಕ ಮಗುಚಿ ಮಗುಚಿ, "ಕೋಳಿ ಫಾರಂ ಹಸಿರಲ್ಲಿ ಬರುತ್ತೆ ಸಾರ್. ಮನೇಲಿ ಸಾಕೋದು ಅಂತ ಎಲ್ಲೂ ಬರೆದಿಲ್ಲ. ಬೇಡ ಅಂತಲೂ ಬರೆದಿಲ್ಲ" ಅಂದಳು. ಪಶು ಆಸ್ಪತ್ರೆಯವರು, ರೋಗ ಬಂದರೆ ಲಸಿಕೆ ಹಾಕುತ್ತೇವೆ, ಜಾಗದ ವಿಷಯ ನಮ್ಮದಲ್ಲ ಅಂದರು. ಮತ್ತೆ ಕಚೇರಿಗೆ ಬಂದು ಆರೋಗ್ಯ ಇನ್ಸ್‌ಪೆಕ್ಟರ್ ಹತ್ತಿರ ಕೂತೆ. ನಡುವಯಸ್ಸಿನ, ತಾಳ್ಮೆಯ ಮನುಷ್ಯ. ನಾನು ನೌಕರಿಯಲ್ಲಿದ್ದಾಗಿನಿಂದ ಮುಖಪರಿಚಯ.

"ನಿಮ್ಮ ಮೇಲೆ ಯಾರಾದರೂ ದೂರು ಕೊಟ್ಟಿದಾರಾ ಸಾರ್?"

"ಇಲ್ಲ."

"ಮತ್ತೆ ಯಾರೂ ಕೇಳದೇ ಇರೋದನ್ನ ನೀವ್ಯಾಕೆ ಕೇಳ್ತೀರಿ? ಊರು ತುಂಬಾ ಕೋಳಿ ಇವೆ. ಆರಾಮಾಗಿರಿ."

ಅದಕ್ಕಿಂತ ಒಳ್ಳೆಯ ಆದೇಶ ನನಗೆ ಯಾವ ಸರ್ಕಾರವೂ ಕೊಡಲಾರದು. ಎದ್ದು ಬರಬೇಕಿತ್ತು. ನಾನು ಅಂದೆ, "ಬಾಯಿಮಾತು ಬೇಡ. ನಾನು ಅರ್ಜಿ ಕೊಡ್ತೀನಿ. ನೀವು ಹಿಂಬರಹ ಕೊಡಿ." ಅರ್ಜಿಗೆ ಕಚೇರಿ ಕೊಡುವ ಲಿಖಿತ ಉತ್ತರಕ್ಕೆ ಹಿಂಬರಹ ಅನ್ನುತ್ತಾರೆ. ಇನ್ಸ್‌ಪೆಕ್ಟರ್ ನನ್ನ ಮುಖವನ್ನೇ ನೋಡಿದರು. ಫೈಲು ಒಮ್ಮೆ ಹುಟ್ಟಿದರೆ ಅದಕ್ಕೊಂದು ಗತಿ ಕಾಣಿಸಲೇಬೇಕು ಅನ್ನುವುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. "ಆಯ್ತು, ಕೊಡಿ ಸಾರ್" ಅಂದರು.

ಅರ್ಜಿಯನ್ನು ಎರಡು ದಿನ ಬರೆದೆ. ಮೊದಲ ಪ್ಯಾರಾದಲ್ಲಿ ನನ್ನ ಸೇವಾವಧಿ, ಎರಡನೆಯದರಲ್ಲಿ ಹಿತ್ತಲಿನ ಅಳತೆ, ಕೋಳಿಗಳ ಸಂಖ್ಯೆ (ಆರಿದ್ದದ್ದು ಅಷ್ಟರಲ್ಲಿ ಒಂಬತ್ತಾಗಿತ್ತು), ಗೂಡು ತೊಳೆಯುವ ವಿಧಾನ. ಮೂರನೆಯ ಪ್ಯಾರಾವನ್ನು ಈಗಲೂ ಬಾಯಿಪಾಠ ಒಪ್ಪಿಸಬಲ್ಲೆ: "ಇದೇ ಬೀದಿಯ ಕೊನೆಯ ಮನೆಯಲ್ಲಿ ವಾಸವಿರುವ ಬಡ ವಿಧವೆಯೊಬ್ಬರು ಹಲವಾರು ವರ್ಷಗಳಿಂದ ಕೋಳಿಗಳನ್ನು ಸಾಕಿ, ಮೊಟ್ಟೆ ಮಾರಾಟ ಮಾಡಿ ಜೀವನ ನಿರ್ವಹಿಸುತ್ತಿದ್ದು, ಇದರಿಂದ ಸಾರ್ವಜನಿಕರಿಗೆ ಯಾವುದೇ ತೊಂದರೆ ಉಂಟಾಗಿರುವುದಿಲ್ಲವೆಂಬ ಅಂಶವನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ."

ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಅವ್ರ್ ಸುದ್ದಿ ಯಾಕ್ರೀ ಅದ್ರಲ್ಲಿ?"

"ಅದು ಪೂರ್ವನಿದರ್ಶನ. ಅವರು ಸಾಕಿದ್ದಾರೆ, ಏನೂ ಆಗಿಲ್ಲ, ನಾವೂ ಸಾಕಬಹುದು ಅಂತ ತೋರಿಸೋಕೆ. ನಿನಗೆ ಗೊತ್ತಾಗಲ್ಲ ಬಿಡು."

"ನಂಗೇನೂ ಗೊತ್ತಾಗಕ್ಕಿಲ್ಲ. ಆದ್ರೂ ತೆಗ್ದಾಕಿ."

ತೆಗೆಯಲಿಲ್ಲ. ಆ ಪ್ಯಾರಾ ಇದ್ದರೆ ಅರ್ಜಿಗೆ ಒಂದು ತೂಕ ಬರುತ್ತದೆ ಅನ್ನಿಸಿತ್ತು. ಬಡವರ ಪರವಾಗಿ ನಾಲ್ಕು ಮಾತು ಬರೆದೆ ಅನ್ನುವ ಹೆಮ್ಮೆಯೂ ಇತ್ತು. ಅದನ್ನು ಮುಚ್ಚಿಟ್ಟು ಈಗ ಏನಾಗಬೇಕಾಗಿದೆ?

ಮೂರು ವಾರದ ಮೇಲೆ ಇನ್ಸ್‌ಪೆಕ್ಟರ್ ಸ್ಥಳ ತನಿಖೆಗೆ ಬಂದರು. ನಮ್ಮ ಹಿತ್ತಲಿನಲ್ಲಿ ಮೊಬೈಲಿನಿಂದ ಎರಡು ಫೋಟೋ ತೆಗೆದರು. ಅರ್ಜಿಯ ನಕಲು ಅವರ ಕೈಯಲ್ಲಿತ್ತು. "ಇನ್ನೊಂದು ಮನೆ ಅಂತ ಬರೆದಿದ್ದೀರಲ್ಲ ಸಾರ್, ಅದನ್ನೂ ನೋಡಬೇಕಾಗುತ್ತೆ" ಅಂದರು. ನಾನೇ ಚಪ್ಪಲಿ ಮೆಟ್ಟಿಕೊಂಡು ಮುಂದೆ ಮುಂದೆ ನಡೆದೆ.

ಆಕೆ ಲಸಿಕೆ ಹಾಕುವವರು ಬಂದರು ಅಂದುಕೊಂಡಳು. ಚೇರು ಹಾಕಿದಳು, ಟೀ ಮಾಡಿಕೊಟ್ಟಳು. ದಿನಕ್ಕೆ ಎಷ್ಟು ಮೊಟ್ಟೆ ಹೋಗುತ್ತವಮ್ಮ ಅಂತ ಇನ್ಸ್‌ಪೆಕ್ಟರ್ ಕೇಳಿದಾಗ ಕಣ್ಣರಳಿಸಿ, ಬೇಸಿಗೆಯಲ್ಲಿ ಎಷ್ಟು, ಮಳೆಗಾಲದಲ್ಲಿ ಎಷ್ಟು, ಯಾರ್ಯಾರ ಮನೆಗೆ ಹೋಗುತ್ತವೆ ಎಲ್ಲ ಹೇಳಿದಳು. ನಾನು ಪಕ್ಕದಲ್ಲಿ ನಿಂತು, "ಇವರ ಮೊಟ್ಟೆ ಅಂದ್ರೆ ಬಡಾವಣೆಗೇ ಹೆಸರು ಸಾರ್" ಅಂತ ಸೇರಿಸಿದೆ. ಹೊರಡುವಾಗ ಹಳೆಯ ಪೇಪರಿನಲ್ಲಿ ನಾಲ್ಕು ಮೊಟ್ಟೆ ಸುತ್ತಿ ಅವರ ಕೈಗೆ ಕೊಟ್ಟಳು. ಅವರು ಬೇಡ ಬೇಡ ಅನ್ನುತ್ತಲೇ ತೆಗೆದುಕೊಂಡರು. ಬೀದಿಯಲ್ಲಿ ನಡೆಯುತ್ತ ಇನ್ಸ್‌ಪೆಕ್ಟರ್ ಮೆಲ್ಲಗೆ, "ನಿಮ್ಮದು ಬಿಡಿ ಸಾರ್, ಮನೆ ಬಳಕೆ" ಅಂದರು. ಅದರ ಇನ್ನರ್ಧ ಏನು ಅಂತ ನಾನು ಕೇಳಲಿಲ್ಲ.

ಹಿಂಬರಹ ಬಂತು. ಗೃಹಬಳಕೆಗೆ ಮಾತ್ರ, ಹತ್ತಕ್ಕೆ ಮೀರದಂತೆ, ನೆರೆಹೊರೆಯವರಿಗೆ ತೊಂದರೆಯಾಗದ ರೀತಿಯಲ್ಲಿ ಕೋಳಿ ಸಾಕಲು ಕಚೇರಿಯ ಆಕ್ಷೇಪಣೆ ಇಲ್ಲ. ಮೊಹರು ಸರಿಯಾಗಿ ಬಿದ್ದಿತ್ತು. ನಾನು ಅದನ್ನು ಲ್ಯಾಮಿನೇಟ್ ಮಾಡಿಸಿದೆ. ಎದುರುಮನೆಗೆ ತೆಗೆದುಕೊಂಡು ಹೋಗಿ ತೋರಿಸಿಯೂ ಬಂದೆ. ಅವರು ಓದಿ, "ಓ, ಪರವಾಗಿಲ್ಲ ಸಾರ್, ಮಾಡಿಸಿಕೊಂಡ್ರಿ" ಅಂದು ಕಾಫಿ ಕೊಟ್ಟರು. ಅವರಿಗೆ ಆ ಮಾತು ಆಡಿದ್ದೂ ಮರೆತುಹೋಗಿತ್ತು.

ಅದೇ ವಾರ, ಒಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೊನೆಮನೆಯಾಕೆ ಕಾಗದ ಹಿಡಿದುಕೊಂಡು ಬಂದಳು. ಆಕೆಗೆ ಓದಲು ಬರುವುದು ಉರ್ದು. ಕನ್ನಡ ಬರೀ ಮಾತಿಗೆ.

"ಅಣ್ಣಾ, ಇದೇನ್ ಕಾಗ್ದ ವಸಿ ಓದಿ. ಯಾವ್ದೋ ಸೀಲ್ ಒತ್ತವ್ರೆ."

ಜಗಲಿಯಲ್ಲಿ ಕೂತು ಕನ್ನಡಕ ಹಾಕಿಕೊಂಡೆ. ಸರ್ಕಾರಿ ಪತ್ರದಲ್ಲಿ ಮೊದಲು ವಿಷಯ ಇರುತ್ತದೆ. ಅದರ ಕೆಳಗೆ ಉಲ್ಲೇಖ, ಅಂದರೆ ಈ ಪತ್ರ ಹುಟ್ಟಲು ಕಾರಣವಾದ ಕಾಗದಗಳ ಪಟ್ಟಿ. ಉಲ್ಲೇಖ ಒಂದು ಅನ್ನುವ ಕಡೆ ನನ್ನ ಹೆಸರಿತ್ತು, ಮನೆ ನಂಬರಿತ್ತು, ಅರ್ಜಿಯ ತಾರೀಕಿತ್ತು. ಉಲ್ಲೇಖ ಎರಡು ಸ್ಥಳ ತನಿಖೆಯ ವರದಿ. ವಿಷಯ ಓದಿದೆ, ಉಲ್ಲೇಖದ ಎರಡು ಸಾಲು ಹಾರಿಸಿದೆ, ಒಕ್ಕಣೆಗೆ ಬಂದೆ. ವಾಸದ ವಲಯದಲ್ಲಿ ವಾಣಿಜ್ಯ ಉದ್ದೇಶಕ್ಕೆ ಕೋಳಿ ಸಾಕಾಣಿಕೆ ಮಾಡಿ ಮೊಟ್ಟೆ ಮಾರಾಟ ಮಾಡುತ್ತಿರುವುದು ಕಂಡುಬಂದಿದ್ದು, ಏಳು ದಿನದೊಳಗೆ ತೆರವುಗೊಳಿಸತಕ್ಕದ್ದು, ತಪ್ಪಿದಲ್ಲಿ ಕಚೇರಿಯಿಂದಲೇ ತೆರವುಗೊಳಿಸಲಾಗುವುದು.

ಆಕೆ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿದಳು. ಆಮೇಲೆ ಕೇಳಿದಳು, "ಯಾರ್ ಏಳುದ್ರಂತಣ್ಣ ಅವ್ರಿಗೆ?"

"ಯಾರೂ ಹೇಳಿರಲ್ಲಮ್ಮ. ಅವರೇ ನೋಡ್ಕೊಂಡು ಹೋಗಿರಬೇಕು."

ಅಷ್ಟು ಸಲೀಸಾಗಿ ಬಂತು ಆ ಸುಳ್ಳು. ನೌಕರಿಯಲ್ಲಿ ನಾನು ಲಂಚ ಮುಟ್ಟಿದವನಲ್ಲ, ಸುಳ್ಳು ಟಿಪ್ಪಣಿ ಬರೆದವನಲ್ಲ. ಅದೆಲ್ಲ ಬರಿಯ ಕಾಗದದ ಮೇಲಿನ ಪ್ರಾಮಾಣಿಕತೆ ಅಂತ ಅವತ್ತು ಗೊತ್ತಾಯಿತು.

ಮಾರನೆಯ ಬೆಳಿಗ್ಗೆ ಆಕೆ ಮತ್ತೆ ಬಂದಳು. ಕಚೇರಿಗೆ ಉತ್ತರ ಬರೆದುಕೊಡಿ ಅಂದಳು. ನಾನು ಬರೆದೆ, ಒಂದು ಗಂಟೆ ಕೂತು ಬರೆದೆ. ಆಕೆ ಎದುರಿಗೇ ನೆಲದ ಮೇಲೆ ಕೂತಿದ್ದಳು. ಹೆಂಡತಿ ಚೇರು ತಂದಿಟ್ಟರೂ ಏಳಲಿಲ್ಲ. ನಡುನಡುವೆ "ಚೆಂದಾಗ್ ಬರೀರಣ್ಣ" ಅನ್ನುತ್ತಿದ್ದಳು. ನಾನೇ ಅದನ್ನು ಕಚೇರಿಗೆ ಕೊಂಡೊಯ್ದೆ.

ಟೇಬಲ್ಲಿನ ಗುಮಾಸ್ತ ಚಿಕ್ಕ ವಯಸ್ಸಿನವನು, ಮರ್ಯಾದೆಯವನು. "ಸಾರ್, ವ್ಯಾಪಾರ ಅಂತ ನಾವು ಹುಡುಕಿ ಹೇಳಿದ್ದಲ್ಲ. ನಿಮ್ಮ ಅರ್ಜೀಲೇ ಇದೆ, ಮೂರನೇ ಪ್ಯಾರಾ. ಮಾರಾಟ ಅಂತ ಬರಹದಲ್ಲಿ ಬಂದ ಮೇಲೆ ಸುಮ್ಮನಿದ್ದರೆ ನಾಳೆ ನಮ್ಮನ್ನ ಕೇಳ್ತಾರೆ."

"ಹಾಗಾದ್ರೆ ನನ್ನ ಅರ್ಜಿ ವಾಪಸ್ ತಗೋತೀನಿ. ನನಗೆ ಅನುಮತೀನೇ ಬೇಡ."

"ಇನ್‌ವರ್ಡ್ ಆಗಿ, ತನಿಖೆ ಆಗಿ, ಹಿಂಬರಹ ಹೋಗಿರೋದನ್ನ ವಾಪಸ್ ತಗೊಳ್ಳೋಕಾಗುತ್ತಾ ಸಾರ್? ನಿಮಗೆ ಗೊತ್ತಿಲ್ಲದೇ ಇರೋದಾ?"

ನನಗೆ ಗೊತ್ತಿತ್ತು. ಅದೇ ಮಾತನ್ನು ಅದೇ ಮರ್ಯಾದೆಯಲ್ಲಿ ನಾನೂ ಎಷ್ಟೋ ಜನರಿಗೆ ಹೇಳಿ ಮನೆಗೆ ಕಳಿಸಿದ್ದೇನೆ. ಆಕೆಗೆ ವ್ಯಾಪಾರದ ಲೈಸೆನ್ಸ್ ಕೊಡಿ ಅಂದೆ. ಹಳದಿಯಲ್ಲಿ ಆ ವ್ಯಾಪಾರಕ್ಕೆ ಲೈಸೆನ್ಸ್ ಇಲ್ಲ. ಜಾಗದ ಉಪಯೋಗ ಬದಲಾಯಿಸಲು ಅರ್ಜಿ ಹಾಕಬಹುದೇ? ಹಾಕಬಹುದು, ಅದಕ್ಕೆ ಮನೆಯ ಖಾತೆ ಆಕೆಯ ಹೆಸರಲ್ಲಿರಬೇಕು. ಖಾತೆ ಇನ್ನೂ ಆಕೆಯ ಮಾವನ ಹೆಸರಲ್ಲಿತ್ತು. ಊರಾಚೆ ಹಸಿರಿನಲ್ಲಿ ಸಾಕಬಹುದು, ಆದರೆ ಅಲ್ಲಿ ಆಕೆಗೆ ಅಂಗೈಯಗಲ ಭೂಮಿ ಇಲ್ಲ. ಎರಡು ಕೋಳಿ ಕಾವಿಗೆ ಕೂತಿದ್ದವು, ಮರಿಯಾಗಲು ಇನ್ನೂ ಹನ್ನೆರಡು ದಿನ ಬೇಕಿತ್ತು. ಅಷ್ಟು ಕಾಲಾವಕಾಶ ಕೊಡಿ ಅಂತ ಇನ್ನೊಂದು ಅರ್ಜಿ ಕೊಟ್ಟೆ. ಅದಕ್ಕೆ ಉತ್ತರ ಬರಲೇ ಇಲ್ಲ.

ಆರನೆಯ ದಿನ ಹೆಂಡತಿ ನನ್ನ ಮುಂದೆ ಬಂದು ನಿಂತಳು.

"ನಮ್ಗೆ ಅಪ್ಪಣೆ ಐತಲ್ಲ. ಅಕ್ಕನ್ ಕೋಳಿ ಎಲ್ಲಾ ನಮ್ ಇತ್ಲಿಗೇ ತಂದ್ಬುಡವಾ. ಅವ್ರೇ ಬಂದು ಮೇವಾಕಿ ನೋಡ್ಕತಾರೆ."

ಎಷ್ಟು ಸರಳವಾದ ದಾರಿ! ನಾನು ಏನು ಮಾಡಿದೆ ಗೊತ್ತೇ? ಎದ್ದು ಹೋಗಿ ಲ್ಯಾಮಿನೇಟ್ ಮಾಡಿಸಿದ ಕಾಗದ ತಂದು ನೋಡಿದೆ. "ಹತ್ತಕ್ಕೆ ಮೀರದಂತೆ ಅಂತ ಇದೆ ಕಣೇ. ನಮ್ಮವು ಒಂಬತ್ತಿವೆ. ಒಂದು ತರಬಹುದು" ಅಂದೆ.

ಅವಳು ನನ್ನನ್ನು ನೋಡಿದ ರೀತಿಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ಬೈದಿದ್ದಾಳೆ, ಅತ್ತಿದ್ದಾಳೆ, ಊಟ ಬಿಟ್ಟಿದ್ದಾಳೆ. ಹಾಗೆ ನೋಡಿರಲಿಲ್ಲ. "ಒಂದಾ?" ಅಂದಳು. ಅಷ್ಟೇ. ಒಳಗೆ ಹೋದಳು.

ಏಳನೆಯ ದಿನ ಕೋಳಿ ವ್ಯಾಪಾರದವನೊಬ್ಬ ಮೊಪೆಡ್ಡಿಗೆ ಎರಡು ಬಿದಿರಿನ ಮಂಕರಿ ಕಟ್ಟಿಕೊಂಡು ಬಂದ. ಕಚೇರಿಯ ಗಾಡಿ ಬರುವ ಮೊದಲು ಆಕೆಯೇ ಹೇಳಿ ಕಳಿಸಿದ್ದಳು. ಕೋಳಿಗಳು ಹೊಸಬನ ಕೈಗೆ ಸಿಗಲಿಲ್ಲ, ಹಿತ್ತಲು ತುಂಬ ಚದುರಿದವು. ನನ್ನ ಹೆಂಡತಿ ಹೋಗಿ ಆಕೆಯ ಜೊತೆ ಸೇರಿಕೊಂಡು ಒಂದೊಂದಾಗಿ ಹಿಡಿದುಕೊಟ್ಟಳು. ಕರೆದರೆ ಬರುತ್ತಿದ್ದವು, ನುಚ್ಚು ಹಾಕುತ್ತಾರೆ ಅಂತ. ಕಾಲು ಕಟ್ಟಿ ಮಂಕರಿಗೆ ಹಾಕಿದರು. ಕಾವಿಗೆ ಕೂತಿದ್ದ ಎರಡನ್ನೂ ಎಬ್ಬಿಸಬೇಕಾಯಿತು. ಅವುಗಳ ಕೆಳಗಿದ್ದ ಮೊಟ್ಟೆ ಯಾರ ಕೆಲಸಕ್ಕೂ ಬರುವಂಥವಲ್ಲ. ಆಕೆ ಅವನ್ನು ಹಿತ್ತಲಿನ ಮೂಲೆಯಲ್ಲಿ ಗುಂಡಿ ತೋಡಿ ಮುಚ್ಚಿದಳಂತೆ. ನಾನು ಅಲ್ಲಿಗೆ ಹೋಗಲಿಲ್ಲ. ಮನೆಯಲ್ಲಿ ಪೇಪರ್ ಹಿಡಿದುಕೊಂಡು ಕೂತಿದ್ದೆ, ಒಂದು ಅಕ್ಷರವೂ ತಲೆಗೆ ಹತ್ತಲಿಲ್ಲ, ಪೇಪರ್ ತಲೆಕೆಳಗಾಗಿತ್ತೋ ಏನೋ ಅದೂ ನೆನಪಿಲ್ಲ.

ಆಮೇಲೆ ಆಕೆ ಮದುವೆ ಛತ್ರದಲ್ಲಿ ಪಾತ್ರೆ ತೊಳೆಯಲು ಹೋಗತೊಡಗಿದಳು. ಬೆಳಿಗ್ಗೆ ಕತ್ತಲಿರುವಾಗ ಹೋಗಿ ಮಧ್ಯಾಹ್ನದ ಪಂಕ್ತಿ ಮುಗಿಸಿ ಬರುತ್ತಿದ್ದಳು. ಕಾಲು ಊದಿಕೊಂಡಿರುತ್ತಿತ್ತು. ಎದುರಾದರೆ "ಚೆಂದಾಗಿದ್ದೀರಾ ಅಣ್ಣ" ಅನ್ನುವುದನ್ನು ಬಿಟ್ಟಿರಲಿಲ್ಲ. ನಾನು ಬೇರೆ ದಾರಿ ಹಿಡಿದು ಓಡಾಡಲು ಶುರುಮಾಡಿದೆ, ಹಿಂದಿನ ನಾಲೆ ಏರಿಯ ಮೇಲಿಂದ. ಮನೆಯಲ್ಲಿ ಹೆಂಡತಿ ಬೇಕಾದಷ್ಟೇ ಮಾತಾಡುತ್ತಿದ್ದಳು. ಉಲ್ಲೇಖದ ವಿಷಯ ಅವಳಿಗೂ ನಾನು ಹೇಳಿರಲಿಲ್ಲ. ಆ ಮೂರನೇ ಪ್ಯಾರಾ ಅವಳಿಗೆ ಗೊತ್ತಿತ್ತು, ಮಿಕ್ಕಿದ್ದನ್ನು ಅವಳೇ ಲೆಕ್ಕ ಹಾಕಿಕೊಂಡಿರಬೇಕು.

ಆಷಾಢ ಬಂತು. ಛತ್ರದಲ್ಲಿ ಕೆಲಸವಿಲ್ಲ, ಆಕೆ ಮನೆಯಲ್ಲೇ ಇರುತ್ತಾಳೆ ಅಂತ ನನಗೆ ಗೊತ್ತಿತ್ತು. ಇನ್ನು ತಡೆಯಲಾಗದೆ ಒಂದು ದಿನ ನಮ್ಮ ಒಳ್ಳೆಯ ಹ್ಯಾಟೆಗಳಲ್ಲಿ ಎರಡನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ಹೋದೆ. ಆಕೆ ಬಾಗಿಲಲ್ಲಿ ಕೂತು ಅವರೆಕಾಳು ಹಸನು ಮಾಡುತ್ತಿದ್ದಳು. ಬುಟ್ಟಿ ಕೆಳಗಿಟ್ಟೆ.

"ಅಮ್ಮ, ಆ ನೋಟೀಸು ಬಂದದ್ದು ನನ್ನಿಂದ. ನಾನು ಕೊಟ್ಟ ಅರ್ಜಿಯಿಂದ."

"ಗೊತ್ತಣ್ಣ."

ತಲೆ ಎತ್ತಲೂ ಇಲ್ಲ, ಕೈ ನಿಲ್ಲಿಸಲೂ ಇಲ್ಲ.

"ಯಾವಾಗ ಗೊತ್ತಾಯ್ತು?"

"ನೀವ್ ಓದುದ್ರಲ್ಲ, ಅವತ್ ಸಾಯಂಕಾಲಾನೇ ನನ್ ಮಗ್ಳು ಬಂದ್ಳು. ಅವ್ಳ್ಗೆ ಕನ್ನಡ ಬತ್ತದೆ. ಮ್ಯಾಲ್ಗಡೇನೇ ನಿಮ್ ಎಸ್ರೈತಮ್ಮಾ ಅಂದ್ಳು. ನೀವ್ ಅದ್ನ ಬುಟ್ಟು ಓದಿದ್ರಿ."

ಬುಟ್ಟಿಯೊಳಗೆ ಕೋಳಿ ಒದ್ದಾಡುತ್ತಿದ್ದವು. ಅವತ್ತು ಸಾಯಂಕಾಲವೇ ಗೊತ್ತಾಗಿದೆ ಅಂದರೆ, ಮಾರನೆಯ ಬೆಳಿಗ್ಗೆ ಬಂದು ನನ್ನ ಎದುರಿಗೆ ನೆಲದ ಮೇಲೆ ಕೂತದ್ದು ಗೊತ್ತಿದ್ದೇ.

"ಮತ್ತೆ ಉತ್ತರ ಬರೆಸೋಕೆ ನನ್ನ ಹತ್ರಾನೇ ಯಾಕಮ್ಮ ಬಂದ್ರಿ?"

ಆಗ ತಲೆ ಎತ್ತಿದಳು. ಸಿಟ್ಟು ಇರಲಿಲ್ಲ. ಸಿಟ್ಟಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಇನ್ಯಾರ್ ತಾವ ಓಗ್ಲಿ ಅಣ್ಣ? ನಮ್ ಬೀದೀಲಿ ಕಚೇರಿಗೆ ಕಾಗ್ದ ಬರ್ದ್ಕೊಡೋರು ನೀವೊಬ್ರೇ ತಾನೆ?"

ಕೋಳಿ ಬೇಡ ಅಂದಳು. "ನಿಮ್ಗೆ ಪರ್ಮಿಸನ್ ಐತೆ, ನೀವ್ ಮಡೀಕಳಿ. ನನ್ ಮನೇಲಿ ಇದ್ರೆ ತಿರ್ಗ ಯಾರಾನ ಬತ್ತಾರೆ." ಬುಟ್ಟಿ ಎತ್ತಿಕೊಂಡು ಬಂದ ದಾರಿಯಲ್ಲೇ ವಾಪಸ್ಸಾದೆ. ಅವತ್ತು ಒಂದು ಗಂಟೆ ಹೊತ್ತು ಆಕೆ ಚೆಂದಾಗ್ ಬರೀರಣ್ಣ, ಚೆಂದಾಗ್ ಬರೀರಣ್ಣ ಅಂತ ನನ್ನ ಮುಖ ನೋಡುತ್ತ ಕೂತಿದ್ದಳಲ್ಲ, ಎಲ್ಲ ಗೊತ್ತಿದ್ದೂ, ನಾನಾಗಿ ಒಂದು ಮಾತು ಹೇಳಲಿ ಅಂತ ಕಾಯುತ್ತ. ನಾನು ಅದನ್ನು ಉಪಕಾರ ಸ್ಮರಣೆ ಅಂದುಕೊಂಡಿದ್ದೆ.